ಅರ್ಧ ಪಟ್ಟಿ ಇಳಿಸಿದ ಪೇಟಿ

ಹಾರ್ಮೋನಿಯಂ ಪೇಟಿಯೊಳಗಿನ ಹಿತ್ತಾಳೆಯ ನಾಲಗೆ, ರೀಡು, ಹಳತಾದಂತೆ ಅದರ ಸುರ ಇಳಿಯುತ್ತದೆ, ಏರುವುದಿಲ್ಲ. ಪೇಟಿ ರಿಪೇರಿಗೆ ಕೂತವರಿಗೆ ಇದು ಮೊದಲ ವಾರವೇ ತಿಳಿಯುವ ಸಂಗತಿ. ಧೂಳು ಕೂರುತ್ತದೆ, ಹಿತ್ತಾಳೆ ದಣಿಯುತ್ತದೆ, ಮುಂಬಯಿಯ ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಎಲ್ಲವೂ ಸುರವನ್ನು ಕೆಳಗೇ ಎಳೆಯುತ್ತವೆ. ಹದಿನಾರು ವರ್ಷ ರೀಡು ಉಜ್ಜುವ ಅರ ಹಿಡಿದ ನನಗೆ ಇದು ಗೊತ್ತಿರಲಿಲ್ಲ ಎಂದರೆ ಯಾರೂ ನಂಬಬಾರದು. ಗೊತ್ತಿತ್ತು. ಗೊತ್ತಿದ್ದೂ ಮಾಡಿದ ಕೆಲಸದ ಕತೆ ಇದು.

ಆಗ ನಾನು ದಾದರದ ಒಂದು ವಾದ್ಯದ ಅಂಗಡಿಯ ಅಟ್ಟದ ಮೇಲೆ ಕೂರುತ್ತಿದ್ದೆ. ಎದ್ದು ನಿಂತರೆ ತಲೆ ತೊಲೆಗೆ ಬಡಿಯುತ್ತಿತ್ತು. ಹಿಂದಿನ ವರ್ಷದ ಯುದ್ಧದ ಬ್ಲ್ಯಾಕ್‌ಔಟಿಗೆಂದು ಕಿಟಕಿ ಗಾಜಿಗೆ ಅಂಟಿಸಿದ್ದ ಕರಿ ಕಾಗದವನ್ನು ಯಾರೂ ಕಿತ್ತಿರಲಿಲ್ಲ, ಹಾಗಾಗಿ ಹಗಲೂ ಬಲ್ಬು ಬೇಕು. ಅಲ್ಲಿಗೆ ಒಂದು ಮಧ್ಯಾಹ್ನ ಗೋರೆಗಾಂವ್‌ನಿಂದ ಒಬ್ಬ ಹೆಂಗಸು ಬಂದರು. ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಸೀರೆಗೆ ಮೀನಿನ ನೀರು ತಾಗಿತ್ತು, ಪೇಟಿಗೆ ಒಂದು ಹನಿಯೂ ತಾಗಿರಲಿಲ್ಲ.

ಧಾರವಾಡದ ಕಡೆಯವರು. ಕಾಲೊನಿಯ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದುದರಿಂದ ಎಲ್ಲರೂ ಟೀಚರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಗದಗಿನ ಕಡೆಯವನು ಎಂದು ತಿಳಿದ ಮೇಲೆ ಹಿಂದಿ ಬಿಟ್ಟು ಉಸಿರು ಹಗುರ ಮಾಡಿಕೊಂಡು ಮಾತಾಡಿದರು.

"ಈ ಪೇಟಿ ಏರೇದ್ರಿ. ನಮ್ಮ ಗುರುತಾಯಿ ಟೇಪಿನ್ಯಾಗ ಹಾಡೋ ಸುರಕ್ಕ ಕೂಡವಲ್ದು. ಕರಿ ಐದು ಹಿಡದ್ರ ಪೇಟಿ ಮ್ಯಾಲ ಹೋಗ್ತದ. ಬಿಳಿ ಆರು ಹಿಡದ್ರ ಕೆಳಗ ಉಳೀತದ."

ಪೇಟಿಯಲ್ಲಿ ಬೆರಳೊತ್ತುವ ಮನೆಗಳನ್ನು ನಾವು ಹೀಗೇ ಬಣ್ಣ, ಸಂಖ್ಯೆ ಹಿಡಿದು ಹೇಳುವುದು. ಬಿಳಿ ಆರರ ಪಕ್ಕದಲ್ಲೇ ಕರಿ ಐದು. ಅವೆರಡರ ನಡುವಿನ ಅಂತರಕ್ಕೆ ಒಂದು ಪಟ್ಟಿ ಎನ್ನುತ್ತೇವೆ. ಟೇಪಿನ ಸುರ ಆ ಎರಡರ ನಡುವೆ, ಅರ್ಧ ಪಟ್ಟಿಯಲ್ಲಿ, ಯಾವ ಮನೆಯೂ ಇಲ್ಲದ ಕಡೆ ನಿಂತಿತ್ತು.

ಅವರು ಹೇಳಿದ್ದನ್ನೆಲ್ಲ ಕೂಡಿಸಿದರೆ ಇಷ್ಟು. ಎಂಟು ವರ್ಷ ಧಾರವಾಡದಲ್ಲಿ ಒಬ್ಬ ಹಿರಿಯ ಗಾಯಕಿಯ ಮನೆಯಲ್ಲಿದ್ದು ಹಾಡು ಕಲಿತಿದ್ದರು. ಮದುವೆಯಾಗಿ ಮುಂಬಯಿಗೆ ಬಂದರು. ನಾಲ್ಕು ವರ್ಷದ ಹಿಂದೆ ಗುರುತಾಯಿ ತೀರಿಕೊಂಡಾಗ ಇವರಿಗೆ ಹೆರಿಗೆ, ಹೋಗಲಾಗಲಿಲ್ಲ. ಆಮೇಲೆ ಅವರ ಮನೆಯವರು ಗುರುತಾಯಿಯ ಪೇಟಿಯನ್ನೂ, ಕೊನೆಯ ವರ್ಷ ಯಾರೋ ಅಭಿಮಾನಿಗಳು ರೆಕಾರ್ಡ್ ಮಾಡಿದ್ದ ಒಂದು ಟೇಪಿನ ಸ್ಪೂಲನ್ನೂ ಕಳಿಸಿಕೊಟ್ಟರು. ಮೈದುನ ಹಡಗಿನ ಕೆಲಸದವನು, ಅಮೆರಿಕದಿಂದ ಟೇಪ್ ಮಿಷಿನ್ ತಂದುಕೊಟ್ಟ. ಅಂದಿನಿಂದ ದಿನಾ ಬೆಳಿಗ್ಗೆ ಟೇಪಿನ ಜೊತೆ ಕೂತು ಹಾಡುತ್ತಿದ್ದರು.

"ದನಿ ಭಾಳ ದಣದದ್ರಿ ಟೇಪಿನ್ಯಾಗ," ಎಂದರು. "ಜಡ ಆಗ್ಯದ. ಆಗ ಅವರಿಗೆ ಆರಾಮ ಇರಲಿಲ್ಲಂತ ಕಾಣ್ತದ. ನಾ ಒಂದ್ಸಲ ಹೋಗಿ ನೋಡಬೇಕಾಗಿತ್ತು."

ಮೂರು ವಾರಕ್ಕೆ ಇಲ್ಲಿನ ಕನ್ನಡದವರು ಗುರುತಾಯಿಯ ಪುಣ್ಯತಿಥಿಗೆ ಒಂದು ಹಾಡಿನ ಬೈಠಕ್ ಇಟ್ಟುಕೊಂಡಿದ್ದರು. ಟೀಚರ್ ಹಾಡಬೇಕು. ಗುರುತಾಯಿಗೆ ಮೂವತ್ತು ವರ್ಷ ಪೇಟಿ ಸಾಥ್ ಕೊಟ್ಟ ಅಜ್ಜ ಧಾರವಾಡದಿಂದ ಬಂದು ಇದೇ ಪೇಟಿ ಬಾರಿಸಬೇಕು. ಮದುವೆಯಾದ ಮೇಲೆ ಈಕೆ ನಾಲ್ಕು ಜನರ ಮುಂದೆ ಹಾಡಿರಲಿಲ್ಲ. ಅಂದು ಗುರುತಾಯಿಯ ಸುರದಲ್ಲೇ ಹಾಡಬೇಕು, ಬೇರೇನೂ ಬೇಡ ಎಂದರು.

ಪೇಟಿಯ ಹಲಗೆ ಬಿಚ್ಚಿದವನು ಬಲ್ಬನ್ನು ಹತ್ತಿರ ಎಳೆದುಕೊಂಡೆ. ಪ್ರತಿ ರೀಡಿನ ತುದಿಯಲ್ಲೂ ಮೂರು ಸಣ್ಣ ಗೀಟು, ನಡುವಿನದು ಕೊಂಚ ಉದ್ದ. ಹುಬ್ಬಳ್ಳಿಯಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿಯ ಕೈ ಅದು. ಒಂದು ಪೇಟಿ ಕೂಡಿಸಿ ಮುಗಿದ ಮೇಲೆ ಹಾಗೆ ಗೀಟು ಎಳೆದು, ಇನ್ನು ಇದನ್ನು ಮುಟ್ಟುವ ಕೆಲಸವಿಲ್ಲ ಎನ್ನುತ್ತಿದ್ದರು. ಅವರೂ ತೀರಿಹೋಗಿದ್ದರು. ರೀಡುಗಳು ಹಳೆಯ ಪ್ಯಾರಿಸ್ ಮಾಲು, ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಭಾನುವಾರ ಗೋರೆಗಾಂವ್‌ಗೆ ಹೋಗಿ ಟೇಪು ಕೇಳಿದೆ. ಬೂದು ಬಣ್ಣದ ಭಾರೀ ಮಿಷಿನ್, ಮೇಲೆ ಕ್ರೋಶಾದ ಹೊದಿಕೆ. ಟೀಚರ್ ಅದನ್ನು ಹಚ್ಚುವ ಮುಂಚೆ ಕೈ ತೊಳೆದು ಬಂದರು. ಹಾಡು ಕೇಳಿದೆ. ನಿಜ, ಅಂಗಡಿಯಲ್ಲಿ ಒತ್ತಿ ಕಿವಿಯಲ್ಲಿಟ್ಟುಕೊಂಡು ಬಂದಿದ್ದ ಪೇಟಿಯ ಸುರ ಅರ್ಧ ಪಟ್ಟಿ ಮೇಲಿತ್ತು. ಟೇಪಿನಲ್ಲೂ ಹಿಂದೆ ಒಂದು ಪೇಟಿ ಬಾರಿಸುತ್ತಿತ್ತು. ಅದು ಯಾವ ಪೇಟಿ ಎಂದು ನಾನು ಕೇಳಲಿಲ್ಲ. ಸಾಥ್‌ನವರು ತಮ್ಮ ಪೇಟಿ ತಾವೇ ಹೊತ್ತು ತರುವುದು ವಾಡಿಕೆ.

ಜೇಬಿನಲ್ಲಿ ತಂದಿದ್ದ ಒಂದು ಬಿಡಿ ರೀಡನ್ನು ಮರದ ಸಣ್ಣ ಕೊಳವೆಗೆ ಕೂರಿಸಿ, ಊದುತ್ತ ಊದುತ್ತ, ಅರ ಆಡಿಸಿ ಟೇಪಿನ ಷಡ್ಜಕ್ಕೆ ತಂದೆ. ಎರಡು ಸುರ ಹತ್ತಿರ ಇದ್ದೂ ಒಂದಾಗದಿದ್ದರೆ ನಡುವೆ ವಾಂವ್ ವಾಂವ್ ಎಂದು ಅಲೆ ಏಳುತ್ತದೆ. ಹತ್ತಿರ ಬಂದಂತೆ ಅಲೆ ನಿಧಾನವಾಗಿ, ಒಂದಾದಾಗ ನಿಂತುಹೋಗುತ್ತದೆ. ಆ ಅಲೆ ನಿಲ್ಲುವವರೆಗೆ ಕೂತು, ರೀಡನ್ನು ಕೊಳವೆಯ ಸಮೇತ ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಅದೇ ನನ್ನ ಅಳತೆ ರೀಡು.

ವಾಪಸು ರೈಲಿನಲ್ಲಿ ನನಗೆ ಅನುಮಾನ ಬಾರದೆ ಇರಲಿಲ್ಲ. ಹಳೆಯ ಪೇಟಿ ಏರಿದೆ, ಅದೂ ಎಲ್ಲ ರೀಡೂ ಒಂದೇ ಸಮ ಏರಿದೆ. ಹೇಗೆ? ಆ ಪ್ರಶ್ನೆಗೆ ನಾನೇ ಒಂದು ಜಾಣ ಉತ್ತರ ಹೊಸೆದುಕೊಂಡೆ. ಹಳೆಯ ವಿಲಾಯತಿ ರೀಡುಗಳು ಕಾರ್ಖಾನೆಯಿಂದಲೇ ಸ್ವಲ್ಪ ಏರಿ ಬರುತ್ತಿದ್ದವು. ಮೇಸ್ತ್ರಿ ಅದನ್ನು ಇಳಿಸದೆ ಹಾಗೇ ಬಿಟ್ಟಿದ್ದಾರೆ. ಅವರ ಕಿವಿಯನ್ನು ಹೊಗಳುವುದನ್ನು ಕೇಳಿ ಕೇಳಿ ನನಗೆ ಸಾಕಾಗಿತ್ತು. ಮುಂಬಯಿಯಲ್ಲೂ ಯಾರಾದರೂ ನನ್ನ ಕೆಲಸ ಮೆಚ್ಚಿದರೆ, ಯಾರ ಶಿಷ್ಯರು ಎಂದೇ ಕೇಳುತ್ತಿದ್ದರು. ಅವರೂ ತಪ್ಪಿದ್ದಾರೆ ಎಂದುಕೊಂಡಾಗ, ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು.

ಸುರ ಇಳಿಸಬೇಕಾದರೆ ಮೊದಲು ರೀಡಿನ ತುದಿಗೆ ಸಾಸಿವೆಯಷ್ಟು ಮೇಣ ಇಟ್ಟು ನೋಡಬೇಕು. ಭಾರಕ್ಕೆ ಸುರ ಇಳಿಯುತ್ತದೆ, ಬೇಡವಾದರೆ ಮೇಣ ಕಿತ್ತರಾಯಿತು. ಎಂಟು ದಿನ ಹಾಗೇ ಬಾರಿಸಲಿ, ಆಮೇಲೆ ಅರ ಹಿಡಿ ಎನ್ನುವುದು ಮೇಸ್ತ್ರಿಯ ಪದ್ಧತಿ. ಆದರೆ ಎಂಬತ್ತನಾಲ್ಕು ರೀಡುಗಳಿಗೆ ಮೇಣ ಇಟ್ಟು, ಎಂಟು ದಿನ ಕಾದು, ಮತ್ತೆ ಅರೆಯಲು ಹೊತ್ತು ಎಲ್ಲಿದೆ? ನಾನು ನೇರ ಅರ ತೆಗೆದೆ.

ಹನ್ನೊಂದು ದಿನದ ಕೆಲಸ. ರೀಡಿನ ಕೆಳಗೆ ತೆಳು ತಗಡು ತೂರಿಸಿ ಎತ್ತಿ ಹಿಡಿದು, ಬುಡದಲ್ಲಿ ಎರಡೋ ಮೂರೋ ಗೀಟು ಹಾಕಿ, ಊದಿ, ಅಲೆ ಎಣಿಸಿ, ಮತ್ತೆ ಒಂದು ಗೀಟು. ಬುಡ ತೆಳುವಾದಷ್ಟೂ ರೀಡು ಬಳುಕುತ್ತದೆ, ಸುರ ಇಳಿಯುತ್ತದೆ. ಅರ್ಧ ಪಟ್ಟಿ ಎಂದರೆ ಕಡಿಮೆ ಅಲ್ಲ. ಸಂಜೆಗೆ ಮೇಜಿನ ಮೇಲೆ ಹಳದಿ ಪುಡಿ ಅರಿಸಿನ ಚೆಲ್ಲಿದಂತೆ ಬಿದ್ದಿರುತ್ತಿತ್ತು. ಕೆಳ ಸಪ್ತಕದ ಪಂಚಮದ ರೀಡಿಗೆ ಒಂದು ರೋಗ ಇತ್ತು. ಒತ್ತಿದರೆ ಸುರದ ಬೆನ್ನಿಗೇ ಝುರ್ ಎಂದು ಸಣ್ಣಗೆ ಕೆರೆಯುತ್ತಿತ್ತು. ರೀಡು ತನ್ನ ಚೌಕಟ್ಟಿಗೆ ಒಂದು ಬದಿ ತಾಗುತ್ತಿತ್ತು, ಅಷ್ಟೆ. ಅದನ್ನೂ ಸರಿಸಿ ನಡುವೆ ಕೂರಿಸಿ, ಮೇಸ್ತ್ರಿಗೆ ಇದೂ ಕೇಳಿಸಿರಲಿಲ್ಲವೇ ಎಂದು ಒಬ್ಬನೇ ನಕ್ಕೆ.

ಪೇಟಿ ಒಯ್ದುಕೊಟ್ಟ ದಿನ ಟೀಚರ್ ಟೇಪು ಹಚ್ಚಿ, ಪಕ್ಕದಲ್ಲಿ ಷಡ್ಜ ಒತ್ತಿ ಹಿಡಿದರು. ಅಲೆ ಇಲ್ಲ. ಟೇಪು, ಪೇಟಿ ಎರಡೂ ಒಂದೇ ಕೊರಳಾದವು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಸುಮ್ಮನೆ ನಕ್ಕರು. ನಾನು ದೊಡ್ಡ ಮನುಷ್ಯನ ಹಾಗೆ ಬೆನ್ನು ಚಾಚಿ ಕೂತೆ.

ಟೇಪು ಓಡುತ್ತಲೇ ಇತ್ತು. ಒಂದು ಕಡೆ ಗುರುತಾಯಿ ನೀರು ಕುಡಿಯಲೆಂದೋ ಏನೋ ನಿಲ್ಲಿಸಿದರು, ಪೇಟಿಯೊಂದೇ ಉಳಿಯಿತು. ಬಾರಿಸುವವರು ಕೆಳ ಪಂಚಮದ ಮೇಲೆ ಬೆರಳಿಟ್ಟು ನಿಂತರು.

ಝುರ್.

ಆ ಕೆರೆತ ನನಗೆ ಹನ್ನೊಂದು ದಿನದಿಂದ ಪರಿಚಯ. ಟೇಪಿನಲ್ಲಿ ಬಾರಿಸುತ್ತಿದ್ದುದು ಇದೇ ಪೇಟಿ. ಇದೇ ಪೇಟಿಯಾದರೆ, ಟೇಪಿನಲ್ಲಿ ಅದು ಅರ್ಧ ಪಟ್ಟಿ ಕೆಳಗೆ ಕೇಳಬೇಕಾದರೆ, ತಪ್ಪಿದ್ದು ಪೇಟಿ ಅಲ್ಲ. ಮಿಷಿನ್ ನಿಧಾನ ಓಡುತ್ತಿತ್ತು.

"ಟೇಪಿನ್ಯಾಗಿನ ಪೇಟಿ ಯಾರದ್ರಿ?" ಎಂದು ಕೇಳಿದೆ.

"ಸಾಥ್ ಅಜ್ಜಾರದ್ದ ಇರಬೇಕ್ರಿ. ಮನ್ಯಾಗ ಇದನ್ನ ಬಾರಸ್ತಿದ್ರು, ಕಚೇರಿಗೆ ತಮ್ಮದ ತರತಿದ್ರು. ಯಾಕ?"

"ಏನಿಲ್ಲ, ಹಂಗ ಕೇಳಿದೆ," ಎಂದು ಚಹಾ ಕುಡಿದು ಎದ್ದು ಬಂದೆ. ಎರಡು ದಿನ ಅಟ್ಟದ ಮೇಲೆ ಕೂತು ಬೇರೆಯವರ ಪೇಟಿಗಳ ತೊಗಲು ಅಂಟಿಸುತ್ತ ಕಳೆದೆ.

ಮೂರನೆಯ ದಿನ ಬಾಂದ್ರಾದಲ್ಲಿ ಇಳಿದು ಪರಿಚಯದ ರೇಡಿಯೋ ರಿಪೇರಿಯವರ ಹತ್ತಿರ ಹೋದೆ. ಮಂಗಳೂರಿನ ಕಡೆಯವರು, ಕಡಿಮೆ ಮಾತು. ಎಲ್ಲ ಹೇಳಿದೆ. ಮಾರನೆಯ ದಿನ ಇಬ್ಬರೂ ಗೋರೆಗಾಂವ್‌ಗೆ ಹೋದೆವು. ಮಿಷಿನ್ನಿನ ಹೆಡ್ ತೊಳೆದುಕೊಡುತ್ತೇವೆ ಎಂದು ಟೀಚರಿಗೆ ಸುಳ್ಳು ಹೇಳಿದೆ. ಅವರು ಪಾಪ, ನಮಗೆ ಅವಲಕ್ಕಿ ಕಲಸಲು ಒಳಗೆ ಹೋದರು.

ರೇಡಿಯೋದವರು ಒಂದು ಖಾಲಿ ಟೇಪಿಗೆ ಗುರುತು ಹಾಕಿ, ಗಡಿಯಾರ ಹಿಡಿದು ಓಡಿಸಿದರು. ಆ ಸ್ಪೀಡಿನಲ್ಲಿ ನಿಮಿಷಕ್ಕೆ ಇನ್ನೂರ ಇಪ್ಪತ್ತೈದು ಇಂಚು ಓಡಬೇಕು. ಓಡಿದ್ದು ಇನ್ನೂರ ಹದಿನೆಂಟು. ಮತ್ತೊಮ್ಮೆ ಓಡಿಸಿದರು, ಅಷ್ಟೇ. ಹಿಂದಿನ ತಗಡು ಬಿಚ್ಚಿ ಮೋಟರಿನ ಬಳಿ ಟಾರ್ಚು ಹಿಡಿದರು.

"ಇದು ಅಮೆರಿಕದ ಕರೆಂಟಿಗೆ ಮಾಡಿದ ಮಿಷಿನ್ ಮಾರಾಯ್ರೆ. ಅಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸೈಕಲ್, ನಮ್ಮಲ್ಲಿ ಐವತ್ತು. ಹಾಗೇ ಹಾಕಿದ್ರೆ ಸಿಕ್ಕಾಪಟ್ಟೆ ಸ್ಲೋ ಆಗ್ತದೆ. ಅದಕ್ಕೆ ಯಾರೋ ಲೇಥಿನಲ್ಲಿ ದಪ್ಪದ್ದೊಂದು ಬುಶ್ ಮಾಡಿಸಿ ಮೋಟರಿನ ಶಾಫ್ಟಿಗೆ ಹಾಕಿದ್ದಾರೆ. ಪೂರ ಸರಿಯಾಗ್ಲಿಲ್ಲ. ಒಂದು ಕೂದಲಷ್ಟು ಸಪೂರ ಆಯ್ತು."

"ಕೂದಲಷ್ಟು," ಎಂದೆ ನಾನು.

ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಸರಿ ಮಾಡ್ಲಾ, ಬಿಡ್ಲಾ? ಈಗ ಪೇಟಿ ಮಿಷಿನ್ ಎರಡೂ ಒಂದಕ್ಕೊಂದು ಸರಿ ಉಂಟಲ್ಲ. ಬಿಟ್ರೆ ಯಾರಿಗೂ ಗೊತ್ತಾಗುದಿಲ್ಲ."

ಬಿಡಬಹುದಾಗಿತ್ತು. ಒಳಗೆ ಒಗ್ಗರಣೆಯ ಚಟಪಟ ಕೇಳುತ್ತಿತ್ತು. ಟೀಚರ್ ಸಣ್ಣಗೆ ಏನೋ ಹಾಡಿಕೊಳ್ಳುತ್ತಿದ್ದರು. ಸತ್ಯಸಂಧನಾಗಿ ನಾನು ತೀರ್ಮಾನ ಮಾಡಿದೆ ಎಂದು ಬರೆದುಕೊಳ್ಳುವ ಆಸೆ ಇದೆ. ಹಾಗಲ್ಲ. ನಾಲ್ಕು ದಿನಕ್ಕೆ ಆ ಅಜ್ಜ ಬರುತ್ತಾರೆ, ಮೂವತ್ತು ವರ್ಷ ಈ ಪೇಟಿ ಬಾರಿಸಿದ ಬೆರಳು, ಮೊದಲ ಮನೆ ಒತ್ತಿದರೆ ಸಾಕು, ಅವರಿಗೆ ತಿಳಿಯುತ್ತದೆ. ಜನರ ಮುಂದೆ ಸಿಕ್ಕಿಬೀಳುವುದಕ್ಕಿಂತ ಇಲ್ಲೇ ಹೇಳುವುದು ವಾಸಿ ಅನ್ನಿಸಿತು. ತಟ್ಟೆ ಹಿಡಿದು ಬಂದವರಿಗೆ ನಿಂತುಕೊಂಡೇ ಎಲ್ಲ ಹೇಳಿದೆ. ಪೇಟಿ ಸರಿಯಾಗೇ ಇತ್ತು. ಗುರುತಾಯಿಯ ಸುರ ಅದರಲ್ಲಿ ಇತ್ತು. ಅದನ್ನು ನಾನು ಅರೆದು ಹಾಕಿದೆ.

ಅವರಿಗೆ ಪೇಟಿಯ ಮಾತು ತಲೆಗೇ ಹೋಗಲಿಲ್ಲ. "ಮಿಷಿನ್ ಸಾವಕಾಶ ಓಡ್ತದಂದ್ರ?" ಎಂದಷ್ಟೇ ಕೇಳಿದರು.

ರೇಡಿಯೋದವರು ಬುಶ್ಶಿಗೆ ಸೆಲೋಟೇಪನ್ನು ಒಂದು ಸುತ್ತು ಸುತ್ತಿ ಅಳೆದರು. ಇನ್ನೂರ ಇಪ್ಪತ್ತೊಂದೂವರೆ. ಇನ್ನೊಂದು ಸುತ್ತು. ಇನ್ನೂರ ಇಪ್ಪತ್ತೈದು. ಆಮೇಲೆ ಗುರುತಾಯಿಯ ಸ್ಪೂಲು ಹಾಕಿದರು.

ವ್ಯತ್ಯಾಸ ಎಷ್ಟು ಮಹಾ, ನೂರಕ್ಕೆ ಮೂರು. ಆದರೂ ಬೇರೆಯೇ ಹೆಂಗಸು ಒಳಗೆ ಬಂದು ಕೂತು ಹಾಡಿದಂತಾಯಿತು. ಗಟ್ಟಿ ದನಿ, ಬಿಸಿ ಇದ್ದ ದನಿ. ತಾನಿನ ಕೊನೆಯಲ್ಲಿ ಒಂದು ತುಂಟತನ. ಟೀಚರ್ ಅವಲಕ್ಕಿ ತಟ್ಟೆಯನ್ನು ನೆಲಕ್ಕಿಟ್ಟು ಅಲ್ಲೇ ಕೂತರು.

"ಹಿಂಗ ಇತ್ತು," ಎಂದರು. "ನಾ ಸಣ್ಣಾಕಿದ್ದಾಗ ಹಿಂಗ ಇತ್ತು." ನನ್ನ ಕಡೆ ತಿರುಗಿ, "ಇವರು ದಣದೇ ಇಲ್ಲಲ್ರಿ. ಆರಾಮ ಅದಾರ. ಹಂಗಾದ್ರ ನಾಕು ವರ್ಷ ನಾ ದಿನಾ ಮುಂಜಾನೆ ಕೂತು ಅತ್ತದ್ದು ಯಾರಿಗೆ?"

ರೇಡಿಯೋದವರು ಸ್ಕ್ರೂಗಳನ್ನು ಡಬ್ಬಿಗೆ ಹಾಕಿಕೊಂಡು ಬಾಗಿಲ ಹೊರಗೆ ಹೋಗಿ ನಿಂತರು.

ಹಾಡು ಮುಗಿದ ಮೇಲೆ ಟೀಚರ್ ಪೇಟಿ ಎಳೆದು ಷಡ್ಜ ಒತ್ತಿದರು. ಟೇಪಿನ ಸುರ ಮೇಲೆ, ಪೇಟಿ ಕೆಳಗೆ. "ಏರಸಾಕ ಬರ್ತದೇನ್ರಿ?" ಎಂದರು.

ಏರಿಸಲು ರೀಡಿನ ತುದಿಯನ್ನು ತೆಳ್ಳಗೆ ಮಾಡಬೇಕು. ಬುಡವನ್ನು ನಾನು ಆಗಲೇ ತೆಳ್ಳಗೆ ಮಾಡಿದ್ದೆ. ನೋಡ್ತೇನ್ರಿ ಎಂದು ಪೇಟಿ ಹೊತ್ತು ತಂದು, ಅಟ್ಟದ ಮೇಲೆ ಮೊದಲು ಕರಿ ಐದರ ಷಡ್ಜದ ರೀಡನ್ನೇ ತೆಗೆದೆ. ಮೇಸ್ತ್ರಿಯ ಮೂರು ಗೀಟಿನ ಮೇಲೆಯೇ ಅರ ಆಡಿಸಬೇಕಾಯಿತು. ಅರ್ಧದವರೆಗೆ ಏರಿತು. ಮತ್ತೊಂದು ಗೀಟು ಹಾಕಿ ಊದಿದೆ, ಬುಡದಲ್ಲಿ ಟಿಕ್ ಎಂದು ಬಿರುಕು ಬಿಟ್ಟಿತು. ಮೇಲಿನ ಸಪ್ತಕದ ಇನ್ನೊಂದನ್ನು ನೋಡಿದೆ, ಅದೂ ಹಾಗೇ. ಅಲ್ಲಿಗೆ ಅರವನ್ನು ಕೆಳಗಿಟ್ಟೆ. ಬಿರುಕು ಬಿಟ್ಟ ಎರಡರ ಜಾಗಕ್ಕೆ ಹೊಸ ರೀಡು ಹಾಕಿ, ಉಳಿದವುಗಳಿಗೆ ಸರಿಯಾಗಿ ಅವನ್ನೂ ಇಳಿಸಿ ಕೂರಿಸಿದೆ. ಎಂಬತ್ತನಾಲ್ಕೂ ಹೊಸ ರೀಡು ಹಾಕಿಕೊಡುತ್ತೇನೆ ಎಂದೆ. ಟೀಚರ್ ಬೇಡ ಎಂದರು. "ಅಜ್ಜಾರು ಕೇಳೂದು ಗುರುತಾಯಿ ಪೇಟಿನ್ರಿ. ಹೊಸಾ ರೀಡು ಹಾಕಿದ್ರ ಡಬ್ಬಿ ಅಷ್ಟ ಅವರದ್ದ ಉಳೀತದ."

ಬೈಠಕ್ ದಿನ ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಶಾಲೆಯೊಂದರ ಸಣ್ಣ ಹಾಲು, ಎಂಬತ್ತು ಜನ ಇದ್ದಿರಬಹುದು. ಗುರುತಾಯಿಯ ಪಟಕ್ಕೆ ಮಾಲೆ. ಅಜ್ಜ ಬಂದು ಪೇಟಿಗೆ ಕೈ ಮುಗಿದು, ಮುಚ್ಚಳ ತೆಗೆದು, ಕರಿ ಐದು ಒತ್ತಿದರು. ಒತ್ತಿದ ಬೆರಳನ್ನು ಬಿಸಿ ತಾಗಿದವರಂತೆ ಎತ್ತಿದರು. ಆಮೇಲೆ ಕೆಳ ಪಂಚಮ ಒತ್ತಿ, ಕಿವಿ ಹತ್ತಿರ ತಂದು, ಆ ಕೆರೆತಕ್ಕಾಗಿ ಕಾದರು. ಅದು ಬರಲಿಲ್ಲ.

"ಇದನ್ನ ಯಾರು ಮುಟ್ಟ್ಯಾರ?" ಎಂದು ಕೇಳಿದರು. ದನಿ ದೊಡ್ಡದು ಮಾಡಲಿಲ್ಲ, ಆದರೂ ಮೂರನೆಯ ಸಾಲಿಗೆ ಕೇಳಿಸಿತು.

"ನಾನ ಹೇಳಿ ಮಾಡಿಸೇನ್ರಿ, ಅಜ್ಜಾರ," ಎಂದರು ಟೀಚರ್. "ತಪ್ಪು ನಂದು."

ನಾನು ಎದ್ದು ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಚಪ್ಪಲಿಯ ಉಂಗುಷ್ಟ ನೋಡುತ್ತ ಕೂತೆ.

ಅಜ್ಜ ಪೇಟಿಯ ಮುಚ್ಚಳ ಹಾಕಿದರು. "ಇದು ನಿನ್ನ ಗುರುತಾಯಿ ಸುರ ಅಲ್ಲ. ಇದು ಬ್ಯಾಡ. ಅವರ ಸುರ ನಿನ್ನ ಕೊರಳಾಗ ಐತೆಲ್ಲ ತಂಗಿ, ತಂಬೂರಿ ಕೂಡಸು," ಎಂದರು.

ಟೀಚರ್ ಕಣ್ಣು ಮುಚ್ಚಿ, ತಂಬೂರಿಯ ಗೂಟ ತಿರುಗಿಸಿ, ಒಂದೊಂದೇ ತಂತಿಯನ್ನು, ನಾಲ್ಕು ವರ್ಷ ದಿನಾ ಹಾಡಿ ತಮ್ಮೊಳಗೆ ಕೂತಿದ್ದ ಸುರಕ್ಕೆ ತಂದರು. ತುಂಬ ಹೊತ್ತು ತೆಗೆದುಕೊಂಡರು. ಅಜ್ಜ ಒಮ್ಮೆ ತಂಬೂರಿಯ ಕಡೆ, ಒಮ್ಮೆ ಮುಚ್ಚಿದ ಪೇಟಿಯ ಕಡೆ ನೋಡಿ, ತಲೆ ತಗ್ಗಿಸಿದರು. ಹಾಡು ಶುರುವಾಯಿತು. ನನ್ನ ಪಕ್ಕದ ಹಿರಿಯರೊಬ್ಬರು, ಧಾರವಾಡದಲ್ಲಿ ಗುರುತಾಯಿಯನ್ನು ಕೇಳಿದವರಂತೆ, "ಥೇಟ್ ಅವರ ಸುರ," ಎಂದು ಕಣ್ಣೊರೆಸಿಕೊಂಡರು. ಜನ ಅಲುಗಾಡದೆ ಕೂತಿದ್ದರು.

ನನಗೆ ಅಲ್ಲಿ ಕೂರಲಾಗಲಿಲ್ಲ. ಹಿಂದಿನ ಬಾಗಿಲಿನಿಂದ ವರಾಂಡಕ್ಕೆ ಬಂದೆ. ಒಳಗಿನ ತಂಬೂರಿ ಅಲ್ಲಿಗೂ ಸ್ವಚ್ಛವಾಗಿ ಕೇಳುತ್ತಿತ್ತು. ಜೇಬಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಆ ಅಳತೆ ರೀಡು ಇನ್ನೂ ಇತ್ತು, ನಿಧಾನ ಮಿಷಿನ್ನಿಗೆ ನಾನು ಕೂಡಿಸಿದ್ದು. ಅದನ್ನು ತೆಗೆದು ತುಟಿಗಿಟ್ಟು, ಯಾರಿಗೂ ಕೇಳದಷ್ಟು ಮೆಲ್ಲಗೆ ಊದಿದೆ. ತಂಬೂರಿಯ ಷಡ್ಜಕ್ಕೂ ಅದಕ್ಕೂ ನಡುವೆ ಒಂದು ಅಲೆಯೂ ಏಳಲಿಲ್ಲ.